ಆನ್‌ಲೈನ್ ತರಗತಿಯ ವಿಷಯ ಪೋಷಕರಿಗೂ ಎಸ್‌ಡಿಎಂಸಿಗೂ ನಿಜವಾಗಿ ಮುಟ್ಟುವಂತೆ ಮಾಡುವುದು ಹೇಗೆ?

ಪ್ರಶ್ನೆ: ವಿಜ್ಞಾನ ಶಿಕ್ಷಕಿ, ಲಿಂಗಸುಗೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಹತ್ತನೆಯ ತರಗತಿಯ 58 ಮಕ್ಕಳಿಗೆ ಡಿಸೆಂಬರ್ ತಿಂಗಳಿನಿಂದ ಪ್ರತಿ ಸಂಜೆ 7 ಗಂಟೆಗೆ ಗೂಗಲ್ ಮೀಟ್ ಮೂಲಕ ಪುನರಾವರ್ತನೆ ತರಗತಿ ನಡೆಸುತ್ತಿದ್ದೇವೆ. ಉಚಿತ ಖಾತೆಯಾದ್ದರಿಂದ 60 ನಿಮಿಷಕ್ಕೆ ಸಭೆ ತಾನಾಗಿಯೇ ಮುಗಿಯುತ್ತದೆ. ಅಷ್ಟರೊಳಗೆ ಪಾಠ ಮುಗಿಸುವುದು ನಮಗೂ ಮಕ್ಕಳಿಗೂ ರೂಢಿಯಾಗಿದೆ. ಪಾಠದ ಬಗ್ಗೆ ನನ್ನ ತಕರಾರೇನೂ ಇಲ್ಲ. ತರಗತಿಯ ಆಚೆಗೆ ಇರುವವರೊಂದಿಗೆ ಮಾತು ನಡೆಸುವುದರಲ್ಲಿ ನಾನು ಸೋತಿದ್ದೇನೆ.

ಆಚೆಗಿರುವವರೆಂದರೆ ಪೋಷಕರು, ಮುಖ್ಯೋಪಾಧ್ಯಾಯರು, ಉಳಿದ ವಿಷಯಗಳ ಶಿಕ್ಷಕರು, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಆಗಾಗ ವರದಿ ಕೇಳುವ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರು. ತರಬೇತಿಗಳಲ್ಲಿ ಇವರನ್ನೆಲ್ಲ ಒಟ್ಟಾಗಿ ‘ಭಾಗೀದಾರರು’ ಎನ್ನುತ್ತಾರೆ. ಒಂದೇ ಪದದಲ್ಲಿ ಹಿಡಿಸಿದವರನ್ನು ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಹಿಡಿಸಬಹುದೆಂದು ನಾವು ಭಾವಿಸಿದೆವೋ ಏನೋ, ಮೊದಲಿಗೆ ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದೆವು. ಅದು ಗದ್ದಲವಾಯಿತೆಂದು ಇನ್ನೂ ಮೂರು ಗುಂಪು ಮಾಡಿದೆವು. ಈಗ ಒಂದೇ ಸೂಚನೆಯನ್ನು ನಾಲ್ಕು ಕಡೆ ಹಾಕುತ್ತೇನೆ, ನಾಲ್ಕು ಕಡೆಯೂ ಅದು ಗುಲಾಬಿ ಹೂವಿನ ಶುಭೋದಯದ ಚಿತ್ರಗಳ ಕೆಳಗೆ ಹೂತುಹೋಗುತ್ತದೆ.

ಕಳೆದ ಶನಿವಾರ ತಾಂಡಾದ ತಾಯಿಯೊಬ್ಬರು ಶಾಲೆಗೆ ಬಂದಿದ್ದರು. ಸೆರಗಿನ ಗಂಟಿನಿಂದ ಫೋನು ತೆಗೆದು ನನ್ನ ಕೈಗಿತ್ತು, “ಇದರಾಗ ನಮ್ಮ ಹುಡುಗನ ಬಗ್ಗೆ ಏನರ ಬಂದೈತೇನು ನೋಡ್ರಿ ಟೀಚರ್” ಎಂದರು. ಗುಂಪನ್ನು ತೆರೆದರೆ ಓದದೆ ಉಳಿದ ಸಂದೇಶಗಳು 412. ಒಂಬತ್ತು ದಿನಗಳ ಹಿಂದೆ ನಾನೇ ಕಳುಹಿಸಿದ್ದ ಪೋಷಕರ ಸಭೆಯ ಸೂಚನೆ ಪಿಡಿಎಫ್ ರೂಪದಲ್ಲಿತ್ತು, ಅದರ ಮೇಲಿನ ಕೆಳಮುಖದ ಬಾಣದ ಗುರುತು ಹಾಗೆಯೇ ಇತ್ತು. ಎಂದರೆ ಆ ಕಡತ ಆ ಫೋನಿಗೆ ಇಳಿದಿರಲೇ ಇಲ್ಲ. ಆ ಸಭೆಗೆ ಬಾರದವರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಆಸಕ್ತಿ ಇಲ್ಲ’ ಎಂದು ಬರೆದುಕೊಂಡಿದ್ದವಳು ನಾನೇ.

ಹೀಗಾಗಿ ಅನುಭವ ಇರುವವರನ್ನು ಕೇಳುತ್ತಿದ್ದೇನೆ. ಯಾರಿಗೆ ಯಾವ ಸಾಧನ ಬಳಸುತ್ತೀರಿ? ವಿಷಯ ಮುಟ್ಟಿತೆಂದು ಹೇಗೆ ಖಚಿತಪಡಿಸಿಕೊಳ್ಳುತ್ತೀರಿ? ಹಣ ಕೊಟ್ಟು ಕೊಳ್ಳುವ ಆ್ಯಪ್‌ಗಳನ್ನು ದಯವಿಟ್ಟು ಸೂಚಿಸಬೇಡಿ, ಅದಕ್ಕೆ ನಮ್ಮಲ್ಲಿ ಅನುದಾನವಿಲ್ಲ.

ಉತ್ತರ 1: ಗಣಿತ ಶಿಕ್ಷಕ, ಕುಷ್ಟಗಿ

ಮೇಡಂ, ಸಾಧನ ಹುಡುಕುವ ಮೊದಲು ಒಂದು ನೋಟ್‌ಬುಕ್ ತೆರೆಯಿರಿ. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಯೋಜನೆ ಆರಂಭವಾದಾಗ ನಾವು ಮಕ್ಕಳನ್ನು ಮೂರು ಪಟ್ಟಿ ಮಾಡಿದ್ದು ನಿಮಗೂ ನೆನಪಿರಬಹುದು: ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನ್ ಉಳ್ಳವರು, ಸಾಧಾರಣ ಫೋನ್ ಮಾತ್ರ ಉಳ್ಳವರು, ಯಾವುದೂ ಇಲ್ಲದವರು. ವಿದ್ಯಾಗಮದ ಬಗ್ಗೆ ಏನೇ ಟೀಕೆ ಇರಲಿ, ಆ ವಿಂಗಡಣೆಯ ಹಿಂದಿನ ಬುದ್ಧಿ ಸರಿಯಾಗಿತ್ತು. ಆದರೆ ಅದು ಮಕ್ಕಳ ಪಟ್ಟಿಯಾಗಿತ್ತು. ಪೋಷಕರದ್ದೇ ಒಂದು ಪಟ್ಟಿ ನಾವು ಎಂದೂ ಮಾಡಲಿಲ್ಲ.

ನಾನು ಎರಡು ವರ್ಷಗಳಿಂದ ಆ ಪಟ್ಟಿ ಇಟ್ಟಿದ್ದೇನೆ. ಪ್ರತಿ ಮಗುವಿನ ಹೆಸರಿನ ಮುಂದೆ, ಫೋನು ಹಗಲಿನಲ್ಲಿ ಯಾರ ಕೈಯಲ್ಲಿರುತ್ತದೆ, ಅವರು ಯಾವ ಊರಿನಲ್ಲಿದ್ದಾರೆ, ಎಷ್ಟು ಹೊತ್ತಿಗೆ ಕೈಗೆ ಸಿಗುತ್ತಾರೆ, ಓದಬಲ್ಲರೇ, ಮನೆಯಲ್ಲಿ ಯಾವ ಭಾಷೆ ಎಂಬುದನ್ನು ಬರೆದುಕೊಳ್ಳುತ್ತೇನೆ. ಸರ್ಕಾರದ ವಿದ್ಯಾರ್ಥಿ ದಾಖಲೆಯ ಜಾಲತಾಣವಾದ ಎಸ್‌ಎಟಿಎಸ್‌ನಲ್ಲಿರುವ ಮೊಬೈಲ್ ಸಂಖ್ಯೆ ದಾಖಲಾತಿಯ ದಿನ ಕೊಟ್ಟದ್ದಾಗಿರುತ್ತದೆ. ಕೆಲಸ ಹುಡುಕಿ ಗುಳೆ ಹೋಗುವ ಕುಟುಂಬಗಳಲ್ಲಿ ಅದು ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಉಳಿಯುವುದು ಅಪರೂಪ. ಆದ್ದರಿಂದ ದಸರಾ ರಜೆಯ ನಂತರ ಮತ್ತು ಸಂಕ್ರಾಂತಿಯ ನಂತರ ಮಕ್ಕಳನ್ನು ಕೇಳಿ ಸಂಖ್ಯೆಗಳನ್ನು ತಿದ್ದಿಕೊಳ್ಳುತ್ತೇನೆ. ಇದಕ್ಕೆ ಎರಡು ಮಧ್ಯಾಹ್ನ ಸಾಕು.

ಪಟ್ಟಿ ಆದ ಮೇಲೆ ದಾರಿ ತಾನಾಗಿ ಕಾಣುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 59.56, ನಮ್ಮ ಕೊಪ್ಪಳದ್ದು ಶೇ. 68.09 ಇತ್ತು. ಇಂದು ನಮ್ಮ ಹತ್ತನೆಯ ತರಗತಿಯಲ್ಲಿ ಕುಳಿತಿರುವ ಮಕ್ಕಳ ತಂದೆತಾಯಿಯರು ಅಂದು ಯುವಕರಾಗಿದ್ದವರು. ಅವರಲ್ಲಿ ಓದಲು ಬಾರದವರು ಈಗಲೂ ಕಡಿಮೆಯೇನಿಲ್ಲ. ಅಂಥವರಿಗೆ ಎರಡು ಪುಟದ ಪಿಡಿಎಫ್ ಕಳುಹಿಸಿ ‘ತಿಳಿಸಿದ್ದೇವೆ’ ಎಂದು ಕಡತದಲ್ಲಿ ಬರೆಯುವುದು ನಮ್ಮ ಸಮಾಧಾನಕ್ಕೆ ಮಾತ್ರ. ನಾನು ಧ್ವನಿಸಂದೇಶ ಕಳುಹಿಸುತ್ತೇನೆ. ನಲವತ್ತು ಸೆಕೆಂಡು ದಾಟುವುದಿಲ್ಲ. ಮೊದಲ ವಾಕ್ಯದಲ್ಲಿಯೇ ದಿನ, ಹೊತ್ತು ಮತ್ತು ಅವರಿಂದ ಆಗಬೇಕಾದದ್ದೇನೆಂದು ಬಂದಿರುತ್ತದೆ. ನಮ್ಮೂರಿನಲ್ಲಿ ಡಂಗುರ ಸಾರುವವನು ಮೊದಲು ಊಟದ ಮಾತೋ ತೆರಿಗೆಯ ಮಾತೋ ಎಂಬುದನ್ನು ಹೇಳಿ, ಆಮೇಲೆ ಯಾರ ಅಪ್ಪಣೆ ಎಂಬುದನ್ನು ಹೇಳುತ್ತಿದ್ದ. ನಮ್ಮ ಸುತ್ತೋಲೆಗಳಲ್ಲಿ ಅದು ತಲೆಕೆಳಗಾಗಿದೆ.

ಸಾಧಾರಣ ಫೋನ್ ಇರುವವರಿಗೆ ಎಸ್‌ಎಂಎಸ್. ಇಲ್ಲೊಂದು ಸೂಕ್ಷ್ಮವಿದೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ ಹಿಡಿಸುವುದು 70 ಮಾತ್ರ, ಅದರಲ್ಲಿಯೂ ಒತ್ತು, ಕೊಂಬು, ದೀರ್ಘಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ವಿದ್ಯಾರ್ಥಿ’ ಎಂಬುದು ಕಣ್ಣಿಗೆ ಮೂರೇ ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಅದು 10. ‘ನಾಳೆ ಸಂಜೆ 7ಕ್ಕೆ ಗಣಿತ ತರಗತಿ ಇದೆ’ ಎಂದರೆ 30 ಆಗುತ್ತದೆ, ಇನ್ನೊಂದು ಸಣ್ಣ ವಾಕ್ಯಕ್ಕೆ ಜಾಗ ಉಳಿಯುತ್ತದೆ. ಎಪ್ಪತ್ತು ದಾಟಿದರೆ ಅದು ಎರಡು ಎಸ್‌ಎಂಎಸ್ ಆಗಿ ಒಡೆಯುತ್ತದೆ, ಸಾಮಾನ್ಯ ರೀಚಾರ್ಜ್‌ಗಳಲ್ಲಿ ದಿನಕ್ಕೆ ಸಿಗುವ 100ರ ಮಿತಿ ಅಷ್ಟು ಬೇಗ ಕರಗುತ್ತದೆ. ‘ಮಾನ್ಯ ಪೋಷಕರೇ’ ಎಂಬ ಸಂಬೋಧನೆಯನ್ನು ನಾನು ಕೈಬಿಟ್ಟದ್ದು ಈ ಲೆಕ್ಕ ತಿಳಿದ ಮೇಲೆ.

ಇನ್ನು ವಾಟ್ಸ್‌ಆ್ಯಪ್ ಇರುವವರಿಗೆ ಗುಂಪಿನ ಬದಲು ಬ್ರಾಡ್‌ಕಾಸ್ಟ್ ಪಟ್ಟಿ ಬಳಸಿ. ಅದರಲ್ಲಿ ಒಬ್ಬೊಬ್ಬರಿಗೂ ಸಂದೇಶ ಪ್ರತ್ಯೇಕವಾಗಿ ಹೋಗುತ್ತದೆ, ಉತ್ತರವೂ ನಿಮಗೊಬ್ಬರಿಗೇ ಬರುತ್ತದೆ, ಗುಲಾಬಿ ಹೂವುಗಳಿಗೆ ಅಲ್ಲಿ ಎಡೆಯಿಲ್ಲ.

ಉತ್ತರ 2: ಪದವಿ ವಿದ್ಯಾರ್ಥಿನಿ, ರಾಯಚೂರು, ಊರು ದೇವದುರ್ಗ ತಾಲ್ಲೂಕು

ನಾನು ಶಿಕ್ಷಕಿಯಲ್ಲ, ಆದರೆ ನನ್ನ ತಮ್ಮ ಹತ್ತನೆಯ ತರಗತಿಯಲ್ಲಿರುವುದರಿಂದ ಈ ಮಾತು ನನಗೂ ಸಂಬಂಧಿಸಿದ್ದು. ನಮ್ಮ ತಂದೆತಾಯಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ. ತಮ್ಮ ಊರಿನಲ್ಲಿ ಅಜ್ಜಿಯ ಜೊತೆ ಇದ್ದಾನೆ. ಶಾಲೆಯವರ ಬಳಿ ಇರುವುದು ಅಪ್ಪನ ಸಂಖ್ಯೆ. ಸಂಜೆ 7ರ ತರಗತಿಯ ಲಿಂಕು ಬೆಂಗಳೂರಿಗೆ ಹೋಗುತ್ತದೆ. ಆ ಹೊತ್ತಿಗೆ ಅಪ್ಪ ಇನ್ನೂ ಕೆಲಸದ ಜಾಗದಲ್ಲಿರುತ್ತಾರೆ. ಅವರು ಅದನ್ನು ನನಗೆ ಕಳುಹಿಸಿ, ನಾನು ಪಕ್ಕದ ಮನೆಯವರ ಫೋನಿಗೆ ಕಳುಹಿಸಿ, ತಮ್ಮ ಒಳಗೆ ಸೇರುವಷ್ಟರಲ್ಲಿ ಅರ್ಧ ಪಾಠ ಮುಗಿದಿರುತ್ತದೆ.

‘ಪೋಷಕರು’ ಎಂದು ಒಂದೇ ಸಂಖ್ಯೆ ಬರೆದುಕೊಳ್ಳುವುದರಲ್ಲಿಯೇ ತೊಡಕಿದೆ. ನಮ್ಮ ಮನೆಯಲ್ಲಿ ಖರ್ಚು ಕೊಡುವವರು ಒಬ್ಬರು, ಹತ್ತಿರವಿದ್ದು ನೋಡಿಕೊಳ್ಳುವವರು ಒಬ್ಬರು, ಓದಿನ ವಿಚಾರ ಕೇಳುವವಳು ನಾನು. ಲಿಂಕು ಪಕ್ಕದ ಮನೆಗೆ, ಅಂಕ ನನಗೆ, ಹಾಜರಾತಿಯ ಮಾತು ಅಪ್ಪನಿಗೆ ಹೋದರೆ ಎಷ್ಟೋ ಸರಳವಾಗುತ್ತಿತ್ತು.

ಇನ್ನೊಂದು ಮಾತನ್ನು ಹೇಳಲೇಬೇಕು. ಕಿರುಪರೀಕ್ಷೆಯ ಅಂಕಪಟ್ಟಿಯ ಫೋಟೋವನ್ನು ದಯವಿಟ್ಟು ಗುಂಪಿಗೆ ಹಾಕಬೇಡಿ. ಕಳೆದ ವರ್ಷ ಹಾಗೆ ಮಾಡಿದಾಗ ಅಪ್ಪ ತಮ್ಮನ ಜೊತೆ ನಾಲ್ಕು ದಿನ ಮಾತನಾಡಲಿಲ್ಲ. ಅವನಿಗೆ ಅಂಕ ಕಡಿಮೆ ಬಂದದ್ದಕ್ಕಿಂತ, ಅದೇ ಕೆಲಸದ ಜಾಗದಲ್ಲಿದ್ದ ನಮ್ಮೂರಿನ ಇನ್ನೊಬ್ಬರು ಅದನ್ನು ಮೊದಲು ನೋಡಿ ಹೇಳಿದ್ದು ಅವರಿಗೆ ಹೆಚ್ಚು ನೋವುಂಟುಮಾಡಿತ್ತು.

ಉತ್ತರ 3: ಕಂಪ್ಯೂಟರ್ ಶಿಕ್ಷಕ, ಬಳ್ಳಾರಿ

ಕುಷ್ಟಗಿಯ ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಬ್ರಾಡ್‌ಕಾಸ್ಟ್ ಸಂದೇಶ ಮುಟ್ಟುವುದು ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ. ಉಳಿಸಿಕೊಳ್ಳದವರಿಗೆ ಅದು ಹೋಗುವುದೇ ಇಲ್ಲ, ಹೋಗಿಲ್ಲವೆಂದು ನಿಮಗೆ ಯಾರೂ ಹೇಳುವುದೂ ಇಲ್ಲ. ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ, ಅದು ನಿಮಗೆ ಅಡ್ಡಿಯಾಗದು. ಪೋಷಕರು ಶಾಲೆಗೆ ಬಂದ ದಿನ ಅವರ ಕೈಯಿಂದಲೇ ನಿಮ್ಮ ಸಂಖ್ಯೆ ಉಳಿಸುವ ಕೆಲಸ ಮೊದಲು ಆಗಬೇಕು.

ಗುಂಪನ್ನೇ ಇಟ್ಟುಕೊಳ್ಳುವುದಾದರೆ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸುವಂತೆ ಮಾಡಿ, ವಾರದ ವೇಳಾಪಟ್ಟಿಯನ್ನು ಮೇಲೆ ಪಿನ್ ಮಾಡಿಡಿ. ಆದರೆ ಸಾಮಾನ್ಯ ಗುಂಪಿನಲ್ಲಿ ಪ್ರತಿಯೊಬ್ಬರ ಸಂಖ್ಯೆಯೂ ಉಳಿದವರಿಗೆಲ್ಲ ಕಾಣುತ್ತದೆ. ಹತ್ತನೆಯ ತರಗತಿಯ ಹೆಣ್ಣುಮಕ್ಕಳ ಕೈಯಲ್ಲಿ ಅದೇ ಫೋನು ಇರುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. 2022ರಲ್ಲಿ ಬಂದ ಕಮ್ಯೂನಿಟಿ ಸೌಲಭ್ಯದ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ಸಂಖ್ಯೆಗಳು ಪರಸ್ಪರ ಕಾಣುವುದಿಲ್ಲ; ಅಡ್ಮಿನ್‌ಗೆ ಕಾಣುತ್ತವೆ, ಮೊದಲೇ ಪರಸ್ಪರ ಸಂಖ್ಯೆ ಉಳಿಸಿಕೊಂಡವರಿಗೆ ಕಾಣುತ್ತವೆ. ನಿಮ್ಮ ನಾಲ್ಕು ಗುಂಪುಗಳನ್ನು ಅದರ ಕೆಳಗೆ ತಂದರೆ ಒಂದೇ ಸೂಚನೆಯನ್ನು ನಾಲ್ಕು ಸಲ ಹಾಕುವ ಶ್ರಮವೂ ತಪ್ಪುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿಯ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆಂಬುದು ಅದರ ತತ್ತ್ವ. ಮೇಲೆ ರಾಯಚೂರಿನ ತಂಗಿ ಹೇಳಿದ ಅಂಕಪಟ್ಟಿಯ ಮಾತನ್ನು ನಾವು ಕಾಯ್ದೆಗಾಗಿ ಅಲ್ಲದಿದ್ದರೂ ಮರ್ಯಾದೆಗಾಗಿಯಾದರೂ ಪಾಲಿಸಬೇಕು. ವಾಟ್ಸ್‌ಆ್ಯಪ್ ಪೋಲ್‌ನಲ್ಲಿಯೂ ಇದೇ ಅಪಾಯವಿದೆ: ಯಾರು ಯಾವುದಕ್ಕೆ ಮತ ಹಾಕಿದರೆಂದು ಎಲ್ಲರಿಗೂ ಕಾಣುತ್ತದೆ. ‘ಪಾಠ ಅರ್ಥವಾಗುತ್ತಿದೆಯೇ’ ಎಂದು ಅದರಲ್ಲಿ ಕೇಳಿದರೆ ಎಲ್ಲರಿಗೂ ಅರ್ಥವಾಗುತ್ತಲೇ ಇರುತ್ತದೆ. ಗೂಗಲ್ ಫಾರ್ಮ್‌ನಲ್ಲಿ ಇಮೇಲ್ ಸಂಗ್ರಹಿಸುವುದನ್ನು ನಿಲ್ಲಿಸಿ, ಹೆಸರು ಕೇಳದೆ ಅದೇ ಪ್ರಶ್ನೆ ಹಾಕಿ ನೋಡಿ, ಬೇರೆಯೇ ಉತ್ತರ ಬರುತ್ತದೆ.

ಒಬ್ಬೊಬ್ಬರಿಗೂ ಅವರವರ ಮಗುವಿನ ಅಂಕ ಮಾತ್ರ ಕಳುಹಿಸಲು ಹಣ ಬೇಕಿಲ್ಲ. ಗೂಗಲ್ ಶೀಟ್‌ನಲ್ಲಿ ಹೆಸರು, ಸಂಖ್ಯೆ, ಅಂಕ ಎಂದು ಮೂರು ಕಂಬಗಳಿರಲಿ. ನಾಲ್ಕನೆಯದರಲ್ಲಿ ವಾಟ್ಸ್‌ಆ್ಯಪ್‌ನ ಕೊಂಡಿ ತಯಾರಾಗಬೇಕು: ಡಬ್ಲ್ಯೂಎ ಡಾಟ್ ಎಂಇ ಎಂಬ ವಿಳಾಸ, ಅದರ ಮುಂದೆ ಸಂಖ್ಯೆ, ಅದರ ಮುಂದೆ ಸಂದೇಶದ ಪಠ್ಯ. ಕನ್ನಡದ ಪಠ್ಯ ಕೊಂಡಿಯೊಳಗೆ ಕೆಡದಿರಲು ಶೀಟ್‌ನಲ್ಲಿಯೇ ಇರುವ ಎನ್‌ಕೋಡ್‌ಯುಆರ್‌ಎಲ್ ಸೂತ್ರವನ್ನು ಬಳಸಿ. ಆಮೇಲೆ ಪ್ರತಿ ಸಾಲಿನ ಕೊಂಡಿಯನ್ನು ಒತ್ತಿದರೆ ಆ ಪೋಷಕರ ಚಾಟ್ ತೆರೆದು ಸಂದೇಶ ಸಿದ್ಧವಾಗಿರುತ್ತದೆ, ಕಳುಹಿಸುವ ಗುಂಡಿ ಒತ್ತುವುದಷ್ಟೇ ಉಳಿಯುತ್ತದೆ. 58 ಜನರಿಗೆ ಹತ್ತು ಹದಿನೈದು ನಿಮಿಷ ಹಿಡಿದೀತು. ನಿಮ್ಮ ಸಂಖ್ಯೆ ಅವರಲ್ಲಿ ಉಳಿದಿರಲೇಬೇಕೆಂಬ ನಿಯಮ ಇದಕ್ಕಿಲ್ಲ.

ಗೂಗಲ್ ಕ್ಲಾಸ್‌ರೂಮ್ ಬಗ್ಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಾಕಿ ಉಳಿದ ಮನೆಗೆಲಸದ ಸಾರಾಂಶವನ್ನು ಅದು ದಿನಕ್ಕೋ ವಾರಕ್ಕೋ ಒಮ್ಮೆ ಪೋಷಕರಿಗೆ ತಾನಾಗಿ ಕಳುಹಿಸುತ್ತದೆ ನಿಜ, ಆದರೆ ಇಮೇಲ್ ಮೂಲಕ, ಅದೂ ಶಾಲೆಗೆ ಶಿಕ್ಷಣ ಸಂಸ್ಥೆಗಳ ಖಾತೆ ಇದ್ದರೆ. ಇಲ್ಲಿ ಜೀನ್ಸ್ ಹೊಲಿಗೆ ಘಟಕಗಳಲ್ಲಿ ದುಡಿಯುವ ನಮ್ಮ ಪೋಷಕರಲ್ಲಿ ಇಮೇಲ್ ತೆರೆದು ಓದುವವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಶಿಕ್ಷಕರ ನಡುವೆ ಬಳಸಿ, ಅಲ್ಲಿ ಅದು ಚೆನ್ನಾಗಿ ಒದಗುತ್ತದೆ.

ಕೊನೆಯದಾಗಿ ಕನ್ನಡ ಬೆರಳಚ್ಚಿನ ತಂತ್ರಾಂಶವಾದ ‘ನುಡಿ’ಯ ವಿಚಾರ. ಕಚೇರಿಯಲ್ಲಿ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಸೂಚನೆಯನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ, ಏಕೆಂದರೆ ಅದು ಎಲ್ಲ ಫೋನುಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ಅದನ್ನು ತಪ್ಪಿಸಲು ಎಲ್ಲರೂ ಸೂಚನೆಯ ಫೋಟೋ ತೆಗೆದು ಹಾಕುತ್ತಾರೆ. ಫೋಟೋದೊಳಗಿನ ಅಕ್ಷರವನ್ನು ಮುಂದೆ ಹುಡುಕಲಾಗದು, ದೃಷ್ಟಿದೋಷವುಳ್ಳ ಪೋಷಕರ ಫೋನು ಅದನ್ನು ಸರಿಯಾಗಿ ಓದಿ ಹೇಳುವುದೂ ಇಲ್ಲ. ಯೂನಿಕೋಡ್‌ನಲ್ಲಿ ನಾಲ್ಕು ಸಾಲು ಬೆರಳಚ್ಚು ಮಾಡಿ. ಕೈ ಸಾಗದಿದ್ದರೆ ಗೂಗಲ್‌ನ ಕೀಲಿಮಣೆಯಾದ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತನಾಡಿದರೆ ಅದೇ ಬರೆದುಕೊಡುತ್ತದೆ, ಒತ್ತಕ್ಷರಗಳನ್ನು ಒಮ್ಮೆ ನೋಡಿ ತಿದ್ದಿದರಾಯಿತು. ಅಂದ ಹಾಗೆ, ಮೀಟ್‌ಗೆ ಪ್ರತಿದಿನ ಹೊಸ ಲಿಂಕು ಮಾಡುತ್ತಿದ್ದರೆ ಇಂದೇ ನಿಲ್ಲಿಸಿ. ಕ್ಯಾಲೆಂಡರ್‌ನಲ್ಲಿ ಪುನರಾವರ್ತಿತ ಸಭೆಯಾಗಿ ಹಾಕಿದರೆ ಪರೀಕ್ಷೆಯವರೆಗೂ ಒಂದೇ ಲಿಂಕು ನಡೆಯುತ್ತದೆ. ಪಕ್ಕದ ಮನೆಯ ಫೋನಿನಲ್ಲಿ ಅದನ್ನು ಒಮ್ಮೆ ಉಳಿಸಿಟ್ಟರೆ ಬೆಂಗಳೂರಿನ ಸುತ್ತು ತಪ್ಪುತ್ತದೆ.

ಉತ್ತರ 4: ನಿವೃತ್ತ ಮುಖ್ಯೋಪಾಧ್ಯಾಯ, ಕೊಪ್ಪಳ

ಎಲ್ಲರೂ ಪೋಷಕರ ಬಗ್ಗೆಯೇ ಹೇಳಿದ್ದಾರೆ. ಎಸ್‌ಡಿಎಂಸಿಯ ಮಾತು ಬಿಟ್ಟುಹೋಗಿದೆ, ನಮ್ಮಲ್ಲಿ ಅದು ಬಿಟ್ಟುಹೋಗುವುದೇ ವಾಡಿಕೆ.

ಎಸ್‌ಡಿಎಂಸಿ ಸದಸ್ಯರಿಗೆ ಪ್ರತಿದಿನದ ಹಾಜರಾತಿ, ಲಿಂಕು, ಪಾಠದ ಹೆಸರು ಯಾವುದೂ ಬೇಕಿಲ್ಲ. ಅವರಿಂದ ಆಗಬೇಕಾದ ಕೆಲಸ ಏನೆಂದು ಹೇಳಿದರೆ ಅವರು ಮಾಡುತ್ತಾರೆ. ನಾನು ಸೇವೆಯಲ್ಲಿದ್ದಾಗ ತಿಂಗಳಿಗೆ ಒಂದೇ ಸಂದೇಶ ಕಳುಹಿಸುತ್ತಿದ್ದೆ, ಅದರಲ್ಲಿ ಒಂದೇ ಕೇಳಿಕೆ ಇರುತ್ತಿತ್ತು. ಒಮ್ಮೆ ಫೋನಿಲ್ಲದ ಏಳು ಮಕ್ಕಳ ಓಣಿಗಳ ಹೆಸರನ್ನಷ್ಟೇ ಬರೆದು, ಸಂಜೆ ಒಂದು ಗಂಟೆ ಅವರನ್ನು ಕೂರಿಸಿಕೊಳ್ಳುವ ಮನೆ ಯಾವುದಿದೆ ಎಂದು ಕೇಳಿದೆ. ಎರಡು ದಿನದಲ್ಲಿ ಮೂರು ಮನೆಗಳು ಸಿಕ್ಕವು, ಅವುಗಳಲ್ಲಿ ಒಂದು ಕಿರಾಣಿ ಅಂಗಡಿಯ ಹಿಂದಿನ ಕೋಣೆ. ಅದೇ ಸದಸ್ಯರು ಅದಕ್ಕೂ ಮೊದಲು ನಮ್ಮ ಗುಂಪಿನಲ್ಲಿ ಒಂದು ವರ್ಷ ಸುಮ್ಮನೆ ಕುಳಿತಿದ್ದರು.

ಬಳ್ಳಾರಿಯ ಶಿಕ್ಷಕರ ಸೂತ್ರಗಳು ನನಗೆ ಪೂರ್ತಿ ಅರ್ಥವಾಗಲಿಲ್ಲವಾದರೂ ಉಪಯುಕ್ತವೆಂದು ತೋರುತ್ತವೆ. ಆದರೆ ಅಡ್ಮಿನ್ ಮಾತ್ರ ಮಾತನಾಡುವ ಗುಂಪನ್ನು ನಾನು ಒಪ್ಪುವುದಿಲ್ಲ. ಬಾಯಿ ಮುಚ್ಚಿಸಿದ ಗುಂಪಿನಲ್ಲಿ ಗದ್ದಲವಿಲ್ಲ, ನಿಜ. ದೂರೂ ಬರುವುದಿಲ್ಲ, ಆಮೇಲೆ ಅದು ನೇರವಾಗಿ ಬಿಇಒ ಕಚೇರಿಗೆ ಹೋಗುತ್ತದೆ. ಗುಂಪು ಮುಚ್ಚುವುದಾದರೆ ಪೋಷಕರು ಮರುಮಾತು ಹೇಳಲು ಒಂದು ಸಂಖ್ಯೆ, ಒಂದು ಹೊತ್ತು ಗೊತ್ತುಪಡಿಸಿ. ರಾತ್ರಿ 8ರಿಂದ 8.30 ಎಂದರೆ ಅದೇ ಹೊತ್ತು; ಹನ್ನೊಂದಕ್ಕೆ ಕರೆ ಬಂದರೆ ಎತ್ತಬೇಡಿ. ಶಿಕ್ಷಕಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಶಾಲೆಯ ಹೆಸರಿನಲ್ಲಿ ಬೇರೆಯೇ ಒಂದು ಸಿಮ್ ಇದ್ದರೆ ಇನ್ನೂ ಒಳ್ಳೆಯದು, ವರ್ಗಾವಣೆಯಾದಾಗ ಸಂಖ್ಯೆ ಶಾಲೆಯಲ್ಲಿಯೇ ಉಳಿಯುತ್ತದೆ.

ಮುಖ್ಯವಾದ ಕರೆಗಳನ್ನು ಪುಸ್ತಕದಲ್ಲಿ ಬರೆದಿಡುವುದನ್ನು ಬಿಡಬೇಡಿ: ದಿನಾಂಕ, ಯಾರೊಂದಿಗೆ, ಏನು ಹೇಳಿದರು ಎಂಬ ಒಂದು ಸಾಲು. ಫೋನು ಬದಲಾದರೆ ಚಾಟ್ ಹೋಗಬಹುದು, ಪುಸ್ತಕ ಬೀರುವಿನಲ್ಲಿರುತ್ತದೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ನಡೆದದ್ದನ್ನು ಹೇಳುತ್ತೇನೆ.

ಮೊದಲು ನೋಟ್‌ಬುಕ್ ಮಾಡಿದೆ. 58 ಸಂಖ್ಯೆಗಳ ಪೈಕಿ 13 ಬದಲಾಗಿದ್ದವು, 9 ಮಕ್ಕಳ ವಿಷಯದಲ್ಲಿ ಪೋಷಕರು ಊರಿನಲ್ಲಿಯೇ ಇರಲಿಲ್ಲ. ಆ ಒಂಬತ್ತು ಮಕ್ಕಳಿಗೆ ಈಗ ಎರಡೆರಡು ಸಂಖ್ಯೆ ಬರೆದುಕೊಂಡಿದ್ದೇನೆ. ದೇವದುರ್ಗದ ತಂಗಿಗೆ ವಿಶೇಷವಾಗಿ ಋಣಿ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ ಒಂದು ಸಂದೇಶ ಕಳುಹಿಸಿ ಮರುದಿನ ತರಗತಿಯಲ್ಲಿ ವಿಚಾರಿಸಿದರೆ ಅರ್ಧದಷ್ಟು ಮನೆಗಳಿಗೆ ಅದು ಮುಟ್ಟಿರಲಿಲ್ಲ. ಬಳ್ಳಾರಿಯ ಸರ್ ಹೇಳಿದಂತೆಯೇ ಆಯಿತು. ಅಂಕಗಳನ್ನು ಶೀಟ್‌ನ ಕೊಂಡಿಗಳ ಮೂಲಕ ಕಳುಹಿಸಿದೆ. ಮುಂದೆ 0 ಇದ್ದ ಸಂಖ್ಯೆಗಳ ಕೊಂಡಿ ತೆರೆಯಲಿಲ್ಲ, 0 ತೆಗೆದು 91 ಸೇರಿಸಿದ ಮೇಲೆ ಸರಿಹೋಯಿತು. ನಾಲ್ಕು ಗುಂಪುಗಳಲ್ಲಿ ಎರಡನ್ನು ಮುಚ್ಚಿದ್ದೇನೆ. ಎಸ್‌ಡಿಎಂಸಿಯ ಗುಂಪು ಮುಕ್ತವಾಗಿಯೇ ಇದೆ, ಅಲ್ಲಿ ಶುಭೋದಯಗಳೂ ಇವೆ.

ಆ ತಾಂಡಾದ ತಾಯಿಗೆ ಮೂವತ್ತು ಸೆಕೆಂಡಿನ ಧ್ವನಿಸಂದೇಶ ಕಳುಹಿಸಿದ್ದೆ, ಮಗ ಮೂರು ದಿನದಿಂದ ತರಗತಿಗೆ ಸೇರುತ್ತಿಲ್ಲವೆಂದು. ಮರುದಿನ ಅವರಿಂದ ಹನ್ನೊಂದು ಸೆಕೆಂಡಿನ ಉತ್ತರ ಬಂತು, ಲಂಬಾಣಿಯಲ್ಲಿ. ನನಗೆ ತಿಳಿಯಲಿಲ್ಲ. ಅದೇ ತಾಂಡಾದ ನಮ್ಮ ಅಡುಗೆ ಸಹಾಯಕಿಗೆ ಕೇಳಿಸಿದೆ. ಸಂಜೆ ಏಳಕ್ಕೆ ಅವರು ರೊಟ್ಟಿ ಬಡಿಯುತ್ತಿರುತ್ತಾರಂತೆ, ಆ ಹೊತ್ತಿನಲ್ಲಿ ದೊಡ್ಡ ಮಗ ಫೋನು ಹಿಡಿದು ಹೊರಗೆ ಹೋಗುತ್ತಾನಂತೆ, ಎಂಟಕ್ಕೆ ಇಟ್ಟರೆ ತಾವೇ ಕೈಯಲ್ಲಿ ಹಿಡಿದು ಕೂರಿಸುತ್ತಾರಂತೆ. ವಿಚಾರಿಸಿದಾಗ ಇನ್ನೂ ಹನ್ನೆರಡು ಮನೆಗಳಲ್ಲಿ ಇದೇ ಕಥೆಯಿತ್ತು. ಸೋಮವಾರದಿಂದ ತರಗತಿ ಎಂಟು ಗಂಟೆಗೆ ಆರಂಭವಾಗುತ್ತದೆ, ಪೋಷಕರ ಕರೆಯ ಅರ್ಧ ಗಂಟೆಯನ್ನು ಏಳೂವರೆಗೆ ಸರಿಸಿದ್ದೇನೆ.